ಒಗ್ಗುಪಟ್ಟಿ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಅನ್ನುವುದು ಹಿರಿಯರ ಮಾತು. ಬಡಗುನಾಡಿನ ಪೌರತ್ವ ಪರೀಕ್ಷೆಗೆ ಇವೆರಡೂ ಬೇಕಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ನಿಮ್ಮನ್ನು ಒಂದು ಹವಾಕೋಣೆಯೊಳಗೆ ನಿಲ್ಲಿಸುತ್ತಾರೆ. ಗೋಡೆಯ ಕಿಂಡಿಗಳಿಂದ ಗಾಳಿ ಬರುತ್ತದೆ. ಒಮ್ಮೆ ಒಣಗಾಳಿ, ಒಮ್ಮೆ ತೇವದ್ದು, ಒಮ್ಮೆ ಮೂಳೆ ಕೊರೆಯುವಂಥದ್ದು. ಅದು ದೇಶದ ಯಾವ ಸೀಮೆಯ ಹವೆ ಎಂದು ನೀವು ಹೇಳಬೇಕು. ಐದು ಸೀಮೆಗಳಲ್ಲಿ ನಾಲ್ಕನ್ನಾದರೂ ಗುರುತಿಸಿದರೆ ನೀವು ಆ ದೇಶದವರು. ಇಲ್ಲವೆಂದರೆ ಬಂದ ಹಡಗಿಗೇ ವಾಪಸು.

ಆ ಹಡಗಿನಲ್ಲಿ ಚಂದ್ರಾವತಿ ಮೂರು ವರ್ಷದಿಂದ ಇದ್ದಳು. ಅವಳ ಜೊತೆ ಹದಿನೆಂಟು ಮನೆಗಳವರಿದ್ದರು. ಕುಂದಾಪುರದ ಆಚೆ ತೆಂಕಕೋಡಿ ಎಂಬ ಊರನ್ನು ಕಡಲು ನುಂಗಿದ ಮೇಲೆ ಊರಿಗೆ ಊರೇ ಹಡಗು ಹತ್ತಿತ್ತು. ಬಂದದ್ದು ಉತ್ತರದ ತುದಿಗೆ, ಹಳೆಯ ಹಿಮ ಕರಗಿ ಮೇಲೆದ್ದ ಹೊಸ ನೆಲಕ್ಕೆ. ಆ ದೇಶಕ್ಕೆ ಸ್ವಂತ ಹೆಸರೊಂದು ಇದೆ, ಆದರೆ ಅದನ್ನು ಹೇಳಬೇಕಾದರೆ ನಾಲಿಗೆಯನ್ನು ಮೂರು ಕಡೆ ಮಡಚಬೇಕು. ನಮ್ಮವರು ಬಡಗುನಾಡು ಎಂದು ಕರೆದು ಕೈತೊಳೆದುಕೊಂಡರು.

ಬಡಗುನಾಡಿನಲ್ಲಿ ಮನೆಗಳಿಗೆ ಒಲೆಯ ಕಾವಿಲ್ಲ, ಫ್ಯಾನಿನ ಗಾಳಿಯೂ ಇಲ್ಲ. ಇರುವ ವಿದ್ಯುತ್ತೆಲ್ಲ ಕಡಲ ಗೋಡೆಗಳಿಗೂ ಗಾಜಿನ ಹೊಲಗಳಿಗೂ ಹೋಗುತ್ತದೆ. ಮನೆಯನ್ನು ಬೆಚ್ಚಗೆ ಮಾಡುವ ಬದಲು ಮನುಷ್ಯನನ್ನೇ ಸೀಮೆಗೆ ಒಗ್ಗಿಸುವುದು ಅಗ್ಗವೆಂದು ಅಲ್ಲಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅದಕ್ಕೆ ಒಗ್ಗುಪಟ್ಟಿ ಎಂಬುದೊಂದಿತ್ತು. ಕುತ್ತಿಗೆಯ ಹಿಂಭಾಗಕ್ಕೆ ಅಂಟಿಸುವ, ಬೆರಳಗಲದ ಮೆತ್ತನೆಯ ಪಟ್ಟಿ. ನಮ್ಮ ತಲೆಯೊಳಗೆ ಮೈಯ ಬಿಸಿಯನ್ನು ನೋಡಿಕೊಳ್ಳುವ ಒಬ್ಬ ಕಾವಲುಗಾರ ಇದ್ದಾನಲ್ಲ, ಎಷ್ಟು ಬೆವರಬೇಕು, ಯಾವಾಗ ನಡುಗಬೇಕು ಎಂದು ಹೇಳುವವನು, ಅವನ ಕಿವಿಯಲ್ಲಿ ಈ ಪಟ್ಟಿ ಗುಟ್ಟಾಗಿ ಸುಳ್ಳು ಹೇಳುತ್ತಿತ್ತು. ಹೊರಗೆ ಬೇಸಗೆಯಿದ್ದರೂ ‘ಹಿಮ ಬಿದ್ದಿದೆ’ ಎನ್ನುತ್ತಿತ್ತು. ವಾರಗಟ್ಟಲೆ ಕೇಳಿದ ಮೇಲೆ ಮೈ ಅದನ್ನು ನಂಬುತ್ತಿತ್ತು. ರಕ್ತ ಹರಿಯುವ ರೀತಿ, ಚರ್ಮದ ದಪ್ಪ, ಹಸಿವು ಎಲ್ಲ ಬದಲಾಗುತ್ತಿತ್ತು. ಅಲ್ಲಿನ ಮಕ್ಕಳಿಗೆ ತೊಟ್ಟಿಲಲ್ಲೇ ಪಟ್ಟಿ ಅಂಟಿಸುತ್ತಾರೆ. ಹೊರಗಿನಿಂದ ಬಂದವರು ಐದು ಸೀಮೆಗಳನ್ನೂ ಪಟ್ಟಿಯಿಂದ ಕಲಿಯಬೇಕು. ‘ಪೌರನಾದವನು ದೇಶವನ್ನು ಮೈಯಿಂದ ತಿಳಿದಿರಬೇಕು’ ಎಂದು ಹಡಗಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದರು.

ತಿಳಿಯುವುದೇನೋ ಸರಿ, ಆದರೆ ತಡೆಯಬೇಕಲ್ಲ. ಪಟ್ಟಿಯಲ್ಲಿ ಒಂದು ಸೀಮೆ ಬದಲಿಸಿದಾಗಲೆಲ್ಲ ಜ್ವರ, ವಾಂತಿ, ಮೈಕೈ ನೋವು. ಮಂಜುಕಾಡಿನ ತೇವಕ್ಕೆ ಒಗ್ಗುವಷ್ಟರಲ್ಲಿ ಉಪ್ಪುಬಯಲಿನ ಒಣಹವೆ. ಅದು ಮುಗಿಯುವ ಮೊದಲೇ ಗಾಳಿಕಣಿವೆಯ ಬೀಸುಗಾಳಿ. ಹಿಂದಿನ ವರ್ಷ ಪರೀಕ್ಷೆಗೆ ಕೂತ ಬೇರೆ ಊರಿನವರು ಐದನ್ನೂ ಕಲಿಯಲು ಹೋಗಿ ಐದನ್ನೂ ಕಲಸಿಕೊಂಡು ವಾಪಸಾಗಿದ್ದರು.

ಆಗ ಚಂದ್ರಾವತಿಗೆ ರಂಪಣಿಯ ನೆನಪಾಯಿತು.

ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಎಣ್ಣೆ ಮುಗಿದು ಯಂತ್ರದ ದೋಣಿಗಳು ದಡಕ್ಕೆ ಬಿದ್ದ ಮೇಲೆ ತೆಂಕಕೋಡಿಯಲ್ಲಿ ಅದಕ್ಕೆ ಮತ್ತೆ ಜೀವ ಬಂದಿತ್ತು. ಅಷ್ಟು ದೊಡ್ಡ ಬಲೆ ಒಂದು ಮನೆಯ ಸೊತ್ತಾಗುವುದು ಸಾಧ್ಯವಿಲ್ಲ. ಮನೆಗೊಂದು ತುಂಡು ತಂದು ಹೆಣೆದರೆ ಅದು ಊರಿನ ಬಲೆ. ಎಲ್ಲರೂ ಎಳೆಯುತ್ತಾರೆ, ಎಲ್ಲರಿಗೂ ಪಾಲು. ಆ ಪಾಲು ಹಾಕುವ ಕೆಲಸ ಚಂದ್ರಾವತಿಯ ಮನೆಯದು. ಅವಳ ಅಜ್ಜಿಯ ಕಾಲದಿಂದಲೂ, ಒಂದು ಮೀನು ಆಚೆ ಈಚೆ ಆಯಿತೆಂದು ಯಾರೂ ಗೊಣಗಿದ್ದಿಲ್ಲ.

“ಐದನ್ನೂ ಎಲ್ಲರೂ ಕಲಿಯೂದ್ ಎಂತಕೆ?” ಎಂದಳು ಅವಳು, ಹಡಗಿನ ಮೇಲ್ಗಡೆ ಎಲ್ಲರೂ ಗಂಜಿ ಉಣ್ಣುತ್ತಿದ್ದಾಗ. “ಒಬ್ಬೊಬ್ರ್ ಒಂದೊಂದ್ ಸೀಮೆ ಹಿಡ್ಕಂಬ. ಅದ್ನ ಮೈಗೆ ಚೆಂದ ಇಳಿಸ್ಕಂಡ್, ಗುರ್ತ್ ಎಂತೆಂತ ಅಂದೇಳಿ ಉಳ್ದವ್ರಿಗೆ ಹೇಳಿ ಕೊಡುವ. ರಂಪಣಿ ಹಾಂಗೆ. ತುಂಡ್ ಬೇರೆ, ಬಲೆ ಒಂದೇ.”

ಮೊದಲು ನಕ್ಕವಳು ಪಕ್ಕದ ಮನೆಯ ಮೂಕಾಂಬು. ಬಾಲ್ಯದಿಂದ ಚಂದ್ರಾವತಿಯ ಜೊತೆಯವಳು, ಬಾಯಿ ಜೋರು. ನಕ್ಕು ಮುಗಿಸಿ, “ಹೌದ್ ಮಾರಾಯ್ತಿ, ನೀ ಹೇಳೂದ್ ಸಮ ಇತ್ತ್,” ಎಂದಳು. ಅಲ್ಲಿಗೆ ಊರೇ ಒಪ್ಪಿದಂತಾಯಿತು.

ಆದರೂ ಚಂದ್ರಾವತಿ ತಮ್ಮನನ್ನು ಕೇಳದೆ ಮುಂದುವರಿಯುವವಳಲ್ಲ. ತಮ್ಮ ರತ್ನಾಕರ ಹತ್ತು ವರ್ಷ ಮೊದಲೇ ಒಬ್ಬನೇ ಬಂದು ಆ ದೇಶದ ಪೌರನಾಗಿದ್ದ. ಪರೀಕ್ಷಾ ಕೇಂದ್ರದಲ್ಲಿ ಹವಾಕೋಣೆ ನಡೆಸುವ ಕೆಲಸ ಅವನದು. ಮದುವೆಯಾಗಿರಲಿಲ್ಲ. ಅವರದು ಅಳಿಯಸಂತಾನದ ಮನೆ. ಅಕ್ಕನ ಮನೆಗೆ ತಮ್ಮನೇ ಯಜಮಾನ, ಅಕ್ಕನ ಮಕ್ಕಳೇ ಅವನ ವಾರಸುದಾರರು. ಚಂದ್ರಾವತಿಗೆ ಇದ್ದವಳು ಒಬ್ಬಳೇ ಮಗಳು, ಸುಗಂಧಿ. ಇಪ್ಪತ್ತೆರಡರ ಹುಡುಗಿ. ಗಂಡ ಕಡಲಿಗೆ ಹೋದವನು ಬಂದಿರಲಿಲ್ಲ. ಹೀಗಾಗಿ ರತ್ನಾಕರನೆಂದರೆ ಚಂದ್ರಾವತಿಗೆ ತಮ್ಮನೂ ಹೌದು, ಮನೆಯ ಕಂಬವೂ ಹೌದು.

ಅವಳು ನಿಯಂತ್ರಣ ಕೊಠಡಿಗೆ ಹೋದದ್ದು ಅಭ್ಯರ್ಥಿಗಳನ್ನು ಕೇಂದ್ರಕ್ಕೆ ಬಿಡುವ ಅಭ್ಯಾಸದ ದಿನ. ಒಳಗೆ ಬೂದು ಗೋಡೆ, ಗಾಜಿನಾಚೆ ಖಾಲಿ ಹವಾಕೋಣೆ, ಮೇಜಿನ ಮೇಲೆ ಪರದೆಗಳು. ತಮ್ಮ ಕುರ್ಚಿ ಎಳೆದು ಕೂರಿಸಿದ. ಅವಳು ರಂಪಣಿಯ ಉಪಾಯ ಹೇಳಿದಾಗ ಅವನ ಕೈ ಒಂದು ಗುಂಡಿಯ ಮೇಲೆ ಹಾಗೆಯೇ ನಿಂತಿತು.

“ಎಂತ, ತಪ್ಪಾ? ಕಾನೂನಂಗೆ ಇಲ್ದಾ?” ಎಂದಳು ಚಂದ್ರಾವತಿ.

“ಇಲ್ಲ ಅಕ್ಕ. ಹಾಂಗ್ ಕಲಿಯುಕಾಗ ಅಂದೇಳಿ ಎಲ್ಲೂ ಇಲ್ಲ,” ಎಂದ ಅವನು. ಗುಂಡಿಯಿಂದ ಕೈ ತೆಗೆದು, “ಒಳ್ಳೆ ಯೋಚನೆ,” ಎಂದ.

ಪರದೆಯ ಮೇಲೆ ಹಿಂದಿನ ಪರೀಕ್ಷೆಯೊಂದರ ಎರಡು ಗೆರೆಗಳು ಓಡುತ್ತಿದ್ದವು. ಒಂದು ಹಳದಿ, ಒಂದು ನೀಲಿ. ಚಂದ್ರಾವತಿ ಏನೆಂದು ಕೇಳಿದಳು. ಹಳದಿಯದು ಅಭ್ಯರ್ಥಿ ಬಾಯಲ್ಲಿ ಹೇಳುವ ಉತ್ತರ ಎಂದ ತಮ್ಮ. ನೀಲಿಯದು?

“ಅದ್ ಸುಮ್ನೆ. ಮಿಷನ್ ಸಮ ಇತ್ತಾ ಕಾಂಬುಕೆ.”

ಅವಳು ನಂಬಿದಳು. ನಂಬದೆ ಇನ್ನೇನು ಮಾಡಬೇಕಿತ್ತು? ಎತ್ತಿ ಆಡಿಸಿದ ತಮ್ಮ.

ಮುಂದಿನ ಭಾನುವಾರ ರತ್ನಾಕರನೇ ದೋಣಿ ಮಾಡಿಕೊಂಡು ಹಡಗಿಗೆ ಬಂದ. ಯಾವ ಮನೆಗೆ ಯಾವ ಸೀಮೆ ಎಂದು ಹಂಚಿದವನೂ ಅವನೇ. ಒಳಗಿನವನು, ಗೊತ್ತಿದ್ದವನು, ಅವನು ಹೇಳಿದರೆ ಸರಿ ಎಂದು ಎಲ್ಲರೂ ಅವನ ಮುಖ ನೋಡಿದರು. ಮಂಜುಕಾಡು, ಉಪ್ಪುಬಯಲು, ಗಾಳಿಕಣಿವೆ ಈ ಮೂರನ್ನು ಊರಿನ ಮನೆಗಳಿಗೆ ಹಂಚಿಬಿಟ್ಟ. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಒಮ್ಮೊಮ್ಮೆ ಬೇರೆ ಬೇರೆ ಬಂತು. ಮೂಕಾಂಬುವಿಗೆ ಉಪ್ಪುಬಯಲು, ಅವಳ ಇಬ್ಬರು ಮಕ್ಕಳಿಗೆ ಮಂಜುಕಾಡು. ಸರೋವರತೀರವನ್ನು ಸುಗಂಧಿಗೆ ಕೊಟ್ಟ.

“ಅದ್ ಸುಲಭ. ಬಿಸಿನೀರಿನ ಸರೋವರ, ನಮ್ಮೂರ್ ಹವೆಯೇ. ಒಬ್ಳ್ ಸಾಕ್,” ಎಂದ.

“ಹಿಮಪೀಠ?” ಎಂದು ಯಾರೋ ಕೇಳಿದರು. ದೇಶದಲ್ಲಿ ಉಳಿದಿರುವ ಕೊನೆಯ ಹಿಮ ಅಲ್ಲಿದೆ. ಅದು ಕರಗದಂತೆ ಬೇಸಗೆಯಿಡೀ ಬಿಳಿ ಹೊದಿಕೆ ಎಳೆಯುವುದು, ಚಳಿಗಾಲದಲ್ಲಿ ಹರಿದದ್ದನ್ನು ಹೊಲಿಯುವುದು ಅಲ್ಲಿನವರ ಕೆಲಸ. ಆ ಹವೆ ಪಟ್ಟಿಯಿಂದ ಕಲಿಯುವುದೇ ನರಕ ಎಂದು ಕೇಳಿದ್ದರು.

“ಅದಕ್ಕೆ ಗಟ್ಟಿ ಜೀವ ಆಯ್ಕ್,” ಎಂದ ರತ್ನಾಕರ, ಅಕ್ಕನ ಕಡೆ ನೋಡದೆ. “ಅಕ್ಕ ಹಿಡಿಲಿ.”

ಚಂದ್ರಾವತಿಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆಯೇ. ಕಷ್ಟದ ತುಂಡು ಪಾಲು ಹಾಕುವವರ ಮನೆಗೇ ಬರಲಿ ಎಂದುಕೊಂಡಳು.

ಆಮೇಲಿನ ತಿಂಗಳುಗಳನ್ನು ಹಡಗಿನವರು ಬಹಳ ದಿನ ನೆನೆಸಿಕೊಂಡರು. ಚಂದ್ರಾವತಿ ಮೊದಲ ವಾರ ಕಂಬಳಿ ಹೊದ್ದು ಹಲ್ಲು ಕಡಿದಳು. ಎರಡನೇ ವಾರ ಕಂಬಳಿ ಬೇಡವಾಯಿತು. ಮೂರನೇ ವಾರ ರವಿಕೆಯೂ ಭಾರ ಎನಿಸಿ, ಹೊರಗೆ ಮಂಜು ಸುರಿಯುವಾಗ ಕಟಕಟೆಗೆ ಒರಗಿ ನಿಂತು ಬೀಸಣಿಗೆ ಬೀಸಿಕೊಂಡಳು. ಮೂಕಾಂಬು ನೀರು ಕೇಳುವುದನ್ನೇ ಬಿಟ್ಟಳು. ಅವಳ ತುಟಿ ಒಡೆದು ಆಮೇಲೆ ತೊಗಲಿನಂತೆ ಗಟ್ಟಿಯಾಯಿತು. ಸುಗಂಧಿ ಮಾತ್ರ ಮೊದಲಿಗಿಂತ ಚೆಲುವೆಯಾದಳು, ಮುಖದಲ್ಲಿ ಕಳೆ ಬಂತು. ಅಡುಗೆಕೋಣೆಯಲ್ಲಿ ತಾಯಿಯೂ ಮಗಳೂ ಒಟ್ಟಿಗೆ ಇರಲಾರದೆ ಹೋದರು. ಅಬ್ಬಿಗೆ ಒಲೆ ಸೆಕೆ, ಮಗಳಿಗೆ ಬಾಗಿಲು ತೆರೆದರೆ ಚಳಿ. “ಪರೀಕ್ಷೆ ಮುಗಿಯೂ ತನಕ,” ಎಂದು ನಕ್ಕು ಚಂದ್ರಾವತಿ ಮೇಲ್ಗಡೆ ಮಲಗತೊಡಗಿದಳು.

ಸಂಜೆ ಎಲ್ಲರೂ ಸೇರಿ ಪಾಠ. ಓದಿದ ಪಾಠವಲ್ಲ ಅದು, ಮೈಯ ಸುದ್ದಿ.

“ಹಿಮಪೀಠದ ಗಾಳಿ ಮೊದ್ಲ್ ತಾಗೂದ್ ಮೂಗಿನ್ ಒಳ್ಗೆ. ಮೂಗಿನ್ ಕೂದ್ಲ್ ನೆಟ್ಟಗ್ ಆತ್ತ್ ಕಾಣಿ. ಆಮೇಲೆ ಕಿವಿ,” ಎಂದು ಚಂದ್ರಾವತಿ ಹೇಳಿಕೊಡುತ್ತಿದ್ದಳು.

“ಉಪ್ಪುಬಯಲಿಂದ್ ಮೂಗಿಗಲ್ಲ, ತುಟಿಗೆ,” ಎನ್ನುತ್ತಿದ್ದಳು ಮೂಕಾಂಬು. “ನಾಲ್ಗಿ ಹೊರ್ಗ್ ಹಾಕ್ರೆ ಒಣ್ಗಿ ಹಪ್ಳ.”

ಗಾಳಿಕಣಿವೆಯ ಗಾಳಿ ಎಡಗಡೆಯಿಂದ ಬಂದು ಉಸಿರು ಹಿಡಿದು ನಿಲ್ಲುತ್ತದೆ. ಮಂಜುಕಾಡಿನದು ಹುಬ್ಬಿನ ಮೇಲೆ ಹನಿಯಾಗುತ್ತದೆ. ಸರೋವರತೀರದ ಬಗ್ಗೆ ಸುಗಂಧಿ ಹೆಚ್ಚು ಹೇಳುತ್ತಿರಲಿಲ್ಲ. “ಊರ್ ಹಾಂಗೆ, ಅಷ್ಟೇ,” ಎಂದು ಎದ್ದು ಹೋಗುತ್ತಿದ್ದಳು. ಮಗಳಿಗೆ ಊರಿನ ನೆನಪಾಗಿ ಸಂಕಟವಾಗುತ್ತಿರಬೇಕು ಎಂದು ಚಂದ್ರಾವತಿ ಅವಳ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕುತ್ತಿದ್ದಳು.

ಪರೀಕ್ಷೆಯ ದಿನ ಮೊದಲು ಹೋದವಳು ಚಂದ್ರಾವತಿ. ಹವಾಕೋಣೆಯಲ್ಲಿ ಕಣ್ಣು ಕಟ್ಟಿಸಿಕೊಂಡು ನಿಂತಾಗ ಅವಳಿಗೆ ಅಂಜಿಕೆಯೇ ಆಗಲಿಲ್ಲ. ಹುಬ್ಬಿಗೆ ಹನಿ, ಮಂಜುಕಾಡು. ತುಟಿಗೆ ಬಿರುಕು, ಉಪ್ಪುಬಯಲು. ಎಡಗಿವಿಗೆ ಪೆಟ್ಟು, ಗಾಳಿಕಣಿವೆ. ಬೆಚ್ಚಗಿನ ಹಸಿ ಗಾಳಿ ಬಂದಾಗ ತಲೆ ಸುತ್ತಿ ಬಂತು, ಸರೋವರತೀರ ಎಂದಳು. ಕೊನೆಯದು ಬರುವ ಮೊದಲೇ ಅವಳ ಮೈಗೆ ಗೊತ್ತಾಯಿತು. ಉರಿಯುವ ಗಾಯದ ಮೇಲೆ ಯಾರೋ ತಣ್ಣೀರು ಹೊಯ್ದಂತೆ ಇಡೀ ಜೀವ ಸಡಿಲವಾಯಿತು. ಹಿಮಪೀಠ ಎಂದು ಹೇಳುವಾಗ ಅವಳಿಗೆ ನಗುವೇ ಬಂತು.

ಐದಕ್ಕೆ ಐದು. ಹೊರಗೆ ಬಂದೊಡನೆ ಒಬ್ಬಳು ದಾದಿ ಪಟ್ಟಿಯ ಮೇಲೆ ಒಂದು ಲೋಹದ ಬಿಲ್ಲೆ ಒತ್ತಿದಳು. ಚುರ್ ಎಂದಿತು. “ಮುದ್ರೆ,” ಎಂದಿತು ಅನುವಾದ ಮಾಡುವ ಯಂತ್ರ. ಪಾಸಾದವರಿಗೆಲ್ಲ ಹಾಕುತ್ತಾರಂತೆ. ಅವಳ ಹಿಂದೆ ಸುಗಂಧಿ ಹೋದಳು, ಪಾಸಾದಳು, ಅವಳಿಗೂ ಮುದ್ರೆ ಬಿತ್ತು. ಅಷ್ಟರಲ್ಲಿ ಮುದ್ರೆಯ ಯಂತ್ರ ಬಿಸಿಯಾಯಿತೆಂದು ಉಳಿದವರಿಗೆ ನಾಳೆ ಎಂದರು. ಪರೀಕ್ಷೆ ಮಾತ್ರ ನಡೆಯಿತು. ಸಂಜೆಯ ಹೊತ್ತಿಗೆ ಹದಿನೆಂಟು ಮನೆಗಳಲ್ಲಿ ಒಬ್ಬರೂ ನಪಾಸಾಗಿರಲಿಲ್ಲ.

ಸಭಾಂಗಣದಲ್ಲಿ ನಮ್ಮವರ ಕುಣಿತ ನೋಡಿ ಅಲ್ಲಿನ ಸಿಬ್ಬಂದಿ ಗೋಡೆಗೆ ಸರಿದು ನಿಂತರು. ಮೂಕಾಂಬು ಚಂದ್ರಾವತಿಯನ್ನು ಎತ್ತಿಯೇಬಿಟ್ಟಳು. “ರಂಪಣಿ ಕಣೆ, ರಂಪಣಿ!” ಎಂದು ಕೂಗಿದಳು. ಆಗ ಅಧಿಕಾರಿಣಿ ವೇದಿಕೆ ಹತ್ತಿದಳು. ತೆಳ್ಳಗಿನ ಹೆಂಗಸು, ಮುಖದಲ್ಲಿ ಕೋಪವೂ ಇಲ್ಲ, ಪ್ರೀತಿಯೂ ಇಲ್ಲ. ಅವಳು ಒಂದೊಂದೇ ಹೆಸರು ಓದಿದಳು, ಯಂತ್ರ ಅದನ್ನು ಕನ್ನಡದಲ್ಲಿ ಹೇಳಿತು. ಹೆಸರಿನ ಜೊತೆ ಒಂದು ಸೀಮೆ.

“ಚಂದ್ರಾವತಿ. ವಾಸ, ಹಿಮಪೀಠ. ಸುಗಂಧಿ. ವಾಸ, ಸರೋವರತೀರ. ಮೂಕಾಂಬು. ವಾಸ, ಉಪ್ಪುಬಯಲು.” ಮೂಕಾಂಬುವಿನ ಮಕ್ಕಳ ಹೆಸರು ಬಂತು. ವಾಸ, ಮಂಜುಕಾಡು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅಧಿಕಾರಿಣಿ ಬಿಡಿಸಿ ಹೇಳಿದಳು. ಬಾಯಿ ಹೇಳುವ ಉತ್ತರದಿಂದ ಪೌರತ್ವ ಸಿಗುತ್ತದೆ. ಮೈ ಹೇಳುವ ಉತ್ತರದಿಂದ ವಾಸಸ್ಥಳ ಗೊತ್ತಾಗುತ್ತದೆ. ಯಾವ ಹವೆಯಲ್ಲಿ ಮೈ ಅತಿ ಹೆಚ್ಚು ನಿರಾಳವಾಗುತ್ತದೋ ಅದೇ ಪೌರನ ಸೀಮೆ. ಮುದ್ರೆ ಬಿದ್ದ ಮೇಲೆ ಬೇರೆ ಸೀಮೆಯಲ್ಲಿ ಕೆಲವು ದಿನಗಳಿಗಿಂತ ಹೆಚ್ಚು ಇರಲಾಗದು, ಮೈ ತಡೆಯುವುದಿಲ್ಲ. ಇದನ್ನು ಮೊದಲೇ ಹೇಳಿದರೆ ಎಲ್ಲರೂ ಸರೋವರತೀರವನ್ನೇ ಕಲಿಯುತ್ತಾರೆ, ಆದ್ದರಿಂದ ಹೇಳುವುದಿಲ್ಲ. ಸಾಮಾನ್ಯವಾಗಿ ಒಂದು ಮನೆಯವರು ಒಟ್ಟಿಗೇ ಕಲಿಯುವುದರಿಂದ ಒಂದೇ ಸೀಮೆಗೆ ಬೀಳುತ್ತಾರೆ. “ನೀವು ಮನೆಯೊಳಗೇ ಹೀಗೆ ಬೇರೆಯಾಗಿರುವುದು ನಮಗೂ ಆಶ್ಚರ್ಯ,” ಎಂದಿತು ಯಂತ್ರ, ತನಗೆ ಯಾವ ಆಶ್ಚರ್ಯವೂ ಇಲ್ಲದ ದನಿಯಲ್ಲಿ.

ಕೊನೆಗೆ ಒಂದು ನಿಯಮ ಓದಿದಳು. ಕೇಂದ್ರದ ಒಳಗಿನವರು ಯಾರಾದರೂ ಎಲ್ಲ ಗೊತ್ತಿದ್ದೇ ಹೀಗೆ ಕಲಿಯಿರಿ ಎಂದು ದಾರಿ ತೋರಿಸಿದ್ದರೆ, ಅವರು ಒಪ್ಪಿಕೊಂಡದ್ದನ್ನು ಕಿವಿಯಾರೆ ಕೇಳಿದವರು ನಾಳೆ ಬೆಳಿಗ್ಗೆ ತಿಳಿಸಬಹುದು. ಆಗ ಮುದ್ರೆ ಬೀಳದವರಿಗೆಲ್ಲ ಮರುಪರೀಕ್ಷೆ. ದಾರಿ ತೋರಿಸಿದವನ ಪೌರತ್ವ ರದ್ದು. ಅದರಿಂದ ಲಾಭ ಪಡೆದವರನ್ನು ಹಡಗಿಗೆ ಕಳಿಸಲಾಗುವುದು.

ಸಭಾಂಗಣದಲ್ಲಿ ಒಬ್ಬೊಬ್ಬರೇ ತಿರುಗಿ ಚಂದ್ರಾವತಿಯನ್ನು ನೋಡಿದರು. ಮೂಕಾಂಬು ಗುಂಪು ಸೀಳಿಕೊಂಡು ಮುಂದೆ ಬಂದಳು.

“ನಿನ್ ಬಾಯಂಗೇ ಬಂದದ್ದ್ ಅಲ್ದಾ ಈ ಮಾತ್? ನಿನ್ ತಮ್ಮನೇ ಅಲ್ದಾ ಪಾಲ್ ಹಾಕದ್ದ್? ನನ್ ಮಕ್ಳ್ ಮಂಜಿನ್ ಕಾಡಂಗೆ, ನಾ ಉಪ್ಪಂಗೆ. ನಿನ್ ಮಗ್ಳ್ ಮಾತ್ರ ಸರೋವರದಂಗೆ. ಎಷ್ಟ್ ಚೆಂದ ಪಾಲ್ ಹಾಕ್ದೆ ಚಂದ್ರೂ!”

“ನಂಗೊತ್ತಿಲ್ಲ ಮೂಕಾಂಬು. ಇದ್ ಮಿಷನಿಂದ್ ತಪ್ಪ್. ತಮ್ಮನ ಹತ್ರ ಕೇಂಡ್ ಬತ್ತೆ,” ಎಂದಳು ಚಂದ್ರಾವತಿ. ಅವಳಿಗೆ ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಓಡುತ್ತ ಹೋಗಿ ನಿಯಂತ್ರಣ ಕೊಠಡಿಯ ಬಾಗಿಲು ನೂಕಿದಳು.

ಸುಗಂಧಿ ಅಲ್ಲಿದ್ದಳು. ಮಾವನ ಪಕ್ಕದ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಕಪ್ಪು ಅರ್ಧ ಖಾಲಿಯಾಗಿತ್ತು. ಹೆಸರು ಓದಿದಾಗ ಸಭಾಂಗಣದಲ್ಲಿ ಮಗಳು ಇರಲೇ ಇಲ್ಲ ಎನ್ನುವುದು ಚಂದ್ರಾವತಿಗೆ ಆಗ ಹೊಳೆಯಿತು.

“ರತ್ನಾ, ಕಾಣ್ ಮಾರಾಯ, ಎಂತೋ ಹೆಚ್ಚುಕಮ್ಮಿ ಆಯ್ತ್. ನಂಗೆ ಹಿಮಪೀಠ ಅಂಬ್ರ್. ಸಮ ಮಾಡ್,” ಎಂದಳು.

ರತ್ನಾಕರ ಎದ್ದು ನಿಂತ. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅದನ್ನು ಕಂಡ ಕೂಡಲೇ ಚಂದ್ರಾವತಿಯ ಕಾಲು ತಣ್ಣಗಾಯಿತು. ಹಿಮಪೀಠದ ಮೈಗೆ ತಣ್ಣಗಾಗುವುದೆಂದರೆ ಏನೆಂದು ತಿಳಿಯುವುದೇ ಇಲ್ಲ, ಆದರೂ ಆಯಿತು.

“ಆ ನೀಲಿ ಗೆರೆ,” ಎಂದಳು.

“ಹೌದಕ್ಕ.”

“ಮಿಷನ್ ಕಾಂಬುಕೆ ಅಂದೇಳ್ದೆ.”

ಅವನು ಪರದೆ ಆರಿಸಿದ. ಆಮೇಲೆ ಮೆಲ್ಲಗೆ ಶುರು ಮಾಡಿದ. ಸರೋವರತೀರದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದು ಅವನಿಗೆ ಮೊದಲೇ ಗೊತ್ತಿತ್ತು. ಒಬ್ಬನೇ ಹತ್ತು ವರ್ಷ ಆ ತೀರದಲ್ಲಿದ್ದು ಸಾಕಾಗಿತ್ತು, ಯಾರಾದರೂ ಒಬ್ಬರು ತನ್ನವರು ಬೇಕಿತ್ತು. “ನಿನ್ನ್ ಕರೀಕಾ, ಅವ್ಳನ್ನ್ ಕರೀಕಾ? ನೀನ್ ಆದ್ರೂ ಅವ್ಳ್ನೇ ಕಳಿಸ್ತಿದ್ದೆ ಅಲ್ದಾ? ನೀ ಮಾಡೂದ್ನೇ ನಾ ಮಾಡ್ದೆ.”

“ಹಾಂಗಾರೆ ನನ್ ಹತ್ರ ಹೇಳುಕಿತ್ತ್!” ಚಂದ್ರಾವತಿ ಮೇಜು ಬಡಿದಳು. “ನಾನೇ ಕೊಡ್ತಿದ್ದೆ. ನಾ ಕೊಡೂದ್ ಬೇರೆ, ನೀ ಕದ್ ತಕಂಬುದ್ ಬೇರೆ. ಊರಿನವ್ರಿಗೆ ಹೇಳುಕಿತ್ತ್. ಎಲ್ಲ ಒಂದೇ ಕಡೆ ಹೋತಿದ್ರ್.”

“ಹೇಳ್ರೆ ನನ್ ಪೌರತ್ವ ಹೋತಿತ್ತ್.”

“ಹಿಮಪೀಠ ನಂಗೆ ಎಂತಕೆ ಕೊಟ್ಟೆ?”

“ಆ ತುಂಡ್ ಯಾರಿಗಾರೂ ಕೊಡುಕಿತ್ತ್. ಬಿಟ್ರೆ ಎಲ್ಲರಿಗೂ ಅನುಮಾನ ಬತ್ತಿತ್ತ್. ಬೇರೆಯವ್ರಿಗೆ ಕೊಟ್ರೆ, ನಮ್ಗೇ ಎಂತಕೆ ಅಂದೇಳಿ ಕೇಂತಿದ್ರ್,” ಎಂದ. “ನೀ ಕೇಣೂದಿಲ್ಲ ಅಂದೇಳಿ ಗೊತ್ತಿತ್ತ್.”

ಮನೆಮುರುಕ ಎಂದು ಬಾಯಿಗೆ ಬಂತು. ಹೇಳಲಿಲ್ಲ. ಆ ಮನೆಗೆ ಯಜಮಾನ ಅವನೇ ಆಗಿದ್ದ. ಚಂದ್ರಾವತಿ ಮಗಳ ಕಡೆ ತಿರುಗಿದಳು.

“ನಿಂಗೆ?”

ಸುಗಂಧಿ ಕಪ್ಪು ಕೆಳಗಿಟ್ಟಳು. ಹುಡುಗಿ ಅಳುತ್ತಿರಲಿಲ್ಲ, ಆದರೆ ಬಿಳುಚಿಕೊಂಡಿದ್ದಳು. “ಮಾವ ಮೊದ್ಲೇ ಹೇಳಿದ್ರ್ ಅಬ್ಬಿ. ಪಟ್ಟಿ ಅಂಟಿಸೂಕ್ ಮೊದ್ಲೇ.”

ಅಂದರೆ ಅಷ್ಟೂ ತಿಂಗಳು. ಅಡುಗೆಕೋಣೆಯ ಬಾಗಿಲು ಮುಚ್ಚಿಕೊಂಡು ಬೆಚ್ಚಗೆ ಮಲಗಿದ ಅಷ್ಟೂ ದಿನ. ಅಬ್ಬಿ ಹೊರಗೆ ಮಂಜಿನಲ್ಲಿ ಹೆಮ್ಮೆಯಿಂದ ಕೂತಿದ್ದಾಗ ಮಗಳು ಎಲ್ಲವನ್ನೂ ತಿಳಿದೇ ಮೀನಿನ ತುಂಡು ತಿಂದಿದ್ದಳು.

“ನಂಗ್ ಆ ಹಡಗಂಗೆ ಸಾಕಾಯ್ತ್ ಅಬ್ಬಿ. ಒಂದ್ ಮನೆ ಬೇಕಿತ್ತ್,” ಎಂದಳು ಸುಗಂಧಿ. ಮತ್ತೆ, ಸಮಾಧಾನ ಹೇಳುವವಳಂತೆ, “ಅಬ್ಬಿಗೆ ಗೊತ್ತಾರೂ ಯಾರ್ ಹತ್ರವೂ ಹೇಳೂದಿಲ್ಲ, ಅಬ್ಬಿ ನಮ್ಮನ್ನ್ ಬಿಟ್ ಕೊಡೂದಿಲ್ಲ ಅಂದೇಳಿ ಮಾವ ಹೇಳಿರ್. ಅದ್ಕೇ ಧೈರ್ಯ ಮಾಡ್ದೆ,” ಎಂದಳು.

ಗಾಜಿನಾಚೆ ಖಾಲಿ ಹವಾಕೋಣೆಯಲ್ಲಿ ಯಾವುದೋ ಸೀಮೆಯ ಗಾಳಿ ತನ್ನಷ್ಟಕ್ಕೆ ಬೀಸುತ್ತಿತ್ತು. ಚಂದ್ರಾವತಿ ಬಾಗಿಲು ತೆರೆದು ಹೊರಗೆ ಹೋದಳು. ಇಬ್ಬರಲ್ಲಿ ಒಬ್ಬರೂ ತಡೆಯಲಿಲ್ಲ. ಅವರಿಗೆ ಅಷ್ಟು ನಂಬಿಕೆಯಿತ್ತು.

ಹಡಗಿನಲ್ಲಿ ಅವಳ ಹತ್ತಿರ ಯಾರೂ ಬರಲಿಲ್ಲ. ಮೂಕಾಂಬು ತನ್ನ ಇಬ್ಬರು ಗಂಡುಮಕ್ಕಳನ್ನು ಎರಡು ಕಡೆ ಕೂರಿಸಿಕೊಂಡು ಗೋಡೆ ನೋಡುತ್ತಿದ್ದಳು. ಅವರ ಮೈಯಿಂದ ಮಂಜಿನ ತೇವ ಅವಳ ಸೀರೆಗೆ ಹತ್ತಿ, ಒಗ್ಗದ ಚರ್ಮ ಕೆಂಪಗೆ ಎದ್ದಿತ್ತು. ಆದರೂ ಅವಳು ಅವರನ್ನು ಬಿಡಲಿಲ್ಲ. ಚಂದ್ರಾವತಿ ಅದನ್ನು ನೋಡಿದಳು. ಹೇಳಿದರೆ ಇವರೆಲ್ಲ ಒಟ್ಟಿಗೆ ಉಳಿಯುತ್ತಾರೆ. ಹೇಳದಿದ್ದರೆ ಸುಗಂಧಿಗೆ ಮನೆಯಾಗುತ್ತದೆ. ತನಗಂತೂ ಎರಡರಲ್ಲೂ ಹಿಮಪೀಠವೇ, ಮುದ್ರೆ ಬಿದ್ದಾಗಿದೆ. ತಾಯಿಯ ಕರುಳು ಒಂದು ಕಡೆ ಎಳೆಯುತ್ತಿತ್ತು. ಅದೇ ಕರುಳನ್ನು ಲೆಕ್ಕ ಹಾಕಿಯೇ ಅವರಿಬ್ಬರು ಬಲೆ ಬೀಸಿದ್ದು ಎಂಬ ಉರಿ ಇನ್ನೊಂದು ಕಡೆ ಎಳೆಯುತ್ತಿತ್ತು.

ಬೆಳಿಗ್ಗೆ ಸಭಾಂಗಣದಲ್ಲಿ ಅಧಿಕಾರಿಣಿ ಕೇಳಿದಳು. ಒಳಗಿನವರು ಯಾರಾದರೂ ದಾರಿ ತೋರಿಸಿದ್ದಾರೆಯೇ? ಸಿಬ್ಬಂದಿಯ ಸಾಲಿನಲ್ಲಿ ರತ್ನಾಕರ ನಿಂತಿದ್ದ. ಸುಗಂಧಿ ಅವನ ಹಿಂದೆ, ಕೈಯಲ್ಲಿ ಗಂಟು ಹಿಡಿದು ಹೊರಡಲು ತಯಾರಾಗಿ ನಿಂತಿದ್ದಳು. ಅಬ್ಬಿಯನ್ನು ನೋಡಿ ಸಣ್ಣಗೆ ನಕ್ಕಳು ಕೂಡ. ಅಬ್ಬಿ ಸಿಟ್ಟು ಇಳಿದು ಬಂದಿದ್ದಾಳೆ ಎಂಬ ನಗು.

ಚಂದ್ರಾವತಿ ಎದ್ದು ಮುಂದೆ ಹೋದಳು. ಊರಿಗಾಗಿ ಹೇಳುತ್ತಿದ್ದಾಳೋ, ಆ ನಗುವಿನ ಮೇಲಿನ ಹಗೆಗೆ ಹೇಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ.

“ಹೌದ್,” ಎಂದಳು. “ಹಂಚಿ ಕೊಟ್ಟವ ಒಳ್ಗಿನವ. ಅವ್ನಿಗೆ ಎಲ್ಲ ಗೊತ್ತಿತ್ತ್.”

ಯಂತ್ರ ಅದನ್ನು ಆ ದೇಶದ ಭಾಷೆಯಲ್ಲಿ ಹೇಳಿತು. ಅಧಿಕಾರಿಣಿ ಹೆಸರು ಕೇಳಿದಳು. ಚಂದ್ರಾವತಿ ತಮ್ಮನ ಹೆಸರು ಹೇಳಿದಳು. ಹಿಂದೆ ಮೂಕಾಂಬು ಒಮ್ಮೆಲೇ ಬಿಕ್ಕಿದ್ದು ಕೇಳಿಸಿತು.

“ಅದರಿಂದ ಲಾಭ ಪಡೆದವರು ಯಾರು?” ಎಂದು ಯಂತ್ರ ಕೇಳಿತು.

ಚಂದ್ರಾವತಿ ಮಗಳ ಕೈಯಲ್ಲಿದ್ದ ಗಂಟನ್ನು ನೋಡಿದಳು. ಯಂತ್ರ ಅದೇ ದನಿಯಲ್ಲಿ ಮತ್ತೊಮ್ಮೆ ಕೇಳಿತು.

“ಸುಗಂಧಿ,” ಎಂದಳು. “ನನ್ ಮಗ್ಳ್.”

ರತ್ನಾಕರ ತಲೆ ತಗ್ಗಿಸಿದ. ಸುಗಂಧಿ ತಗ್ಗಿಸಲಿಲ್ಲ. ನಂಬಿದ್ದ ಜಾಗ ಕೈಕೊಟ್ಟಾಗ ಮನುಷ್ಯರು ನೋಡುತ್ತಾರಲ್ಲ, ಹಾಗೆ ನೋಡಿದಳು. “ಅಬ್ಬೀ,” ಎಂದಳು, ಅಷ್ಟೇ. ಹಿಂದಿನ ದಿನ ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ತನ್ನ ಮುಖವೂ ಹೀಗೆಯೇ ಇದ್ದಿರಬೇಕು ಎಂದು ಚಂದ್ರಾವತಿಗೆ ಅನ್ನಿಸಿತು. ಅವಳು ಕಣ್ಣು ತೆಗೆಯಲಿಲ್ಲ. ಕಾವಲುಗಾರರು ಬಂದು ಇಬ್ಬರನ್ನೂ ಕರೆದುಕೊಂಡು ಹೋದರು.

ಊರಿನವರಿಗೆ ಮರುಪರೀಕ್ಷೆಯಾಯಿತು. ಈ ಸಲ ಎಲ್ಲರೂ ಗಾಳಿಕಣಿವೆಯನ್ನೇ ಮೈಗಿಳಿಸಿಕೊಂಡರು, ಎಲ್ಲರಿಗೂ ಅಲ್ಲೇ ವಾಸ ಸಿಕ್ಕಿತು. ಅದಕ್ಕೆ ಮೊದಲೇ ಚಂದ್ರಾವತಿಯನ್ನು ಹಿಮಪೀಠದ ಗಾಡಿ ಹತ್ತಿಸಿದ್ದರು. ಕಳಿಸಿಕೊಡಲು ಯಾರೂ ಬಂದಿರಲಿಲ್ಲ. ಎಲ್ಲರೂ ಹೊಸ ಪಟ್ಟಿಯ ಜ್ವರದಲ್ಲಿ ಮಲಗಿದ್ದರು. ಊರನ್ನು ಉಳಿಸಿದವಳು ಎಂದು ಕೆಲವರು, ಹೆತ್ತ ಮಗಳನ್ನೇ ಹಿಡಿದು ಕೊಟ್ಟವಳು ಎಂದು ಕೆಲವರು ಮಾತಾಡಿಕೊಂಡರು. ಎರಡನೆಯದನ್ನು ಹೇಳಿದವರೇ ಹೆಚ್ಚು. ಉಪಕಾರ ಪಡೆದವರ ನಾಲಿಗೆಗೆ ಯಾವಾಗಲೂ ಸ್ವಲ್ಪ ಉದ್ದ ಜಾಸ್ತಿ.

ಹಡಗು ಅವರಿಬ್ಬರನ್ನೂ ಹೊತ್ತು ತೆಂಕಣದ ಇನ್ನೊಂದು ಬೆಚ್ಚಗಿನ ಬಂದರಿಗೆ ಹೋಯಿತು. ಸುಗಂಧಿಯಿಂದ ಸುದ್ದಿ ಬರಲಿಲ್ಲ.

ಬಹಳ ದಿನಗಳ ಮೇಲೆ ಮೂಕಾಂಬು ಒಮ್ಮೆ ಫೋನು ಮಾಡಿದಳು. ಮಕ್ಕಳ ಸುದ್ದಿ ಹೇಳಲು ಹೋಗಿ ಮೂಕಾಂಬು ನಡುವೆಯೇ ನಿಲ್ಲಿಸಿದಳು.

“ಚಂದ್ರೂ, ಅಲ್ಲಿ ಚಳಿ ಹೆಂಗಿತ್ತೆ?” ಎಂದು ಕೊನೆಗೆ ಕೇಳಿದಳು.

ಚಂದ್ರಾವತಿ ಮನೆಯ ಹೊಸ್ತಿಲಲ್ಲಿ ತೆಳು ಸೀರೆಯಲ್ಲಿ ಕೂತಿದ್ದಳು. ಬರಿಗಾಲು ಹಿಮದಲ್ಲಿ ಹೂತಿತ್ತು. ಬೆನ್ನಿಗೆ ಬೀಸುವ ಗಾಳಿ ಎಷ್ಟು ಹಿತವಾಗಿತ್ತೆಂದರೆ ರಾತ್ರಿ ಮಲಗಿದೊಡನೆ ನಿದ್ದೆ ಬರುತ್ತಿತ್ತು, ಚೆನ್ನಾಗಿ ಹಸಿವಾಗುತ್ತಿತ್ತು, ಮೈ ತುಂಬಿಕೊಂಡಿತ್ತು. ಅಷ್ಟೆಲ್ಲ ಕಳೆದುಕೊಂಡ ಮೇಲೂ ಹೀಗೆ ನೆಮ್ಮದಿಯಿಂದಿರುವ ಈ ಮೈ ತನ್ನದೇ ಎಂದು ಒಪ್ಪಿಕೊಳ್ಳುವುದು ಅವಳಿಗೆ ಆಗುತ್ತಿರಲಿಲ್ಲ.

“ಚಳಿಯೇ ಆತಿಲ್ಲ ಮಾರಾಯ್ತಿ,” ಎಂದಳು. ಆಮೇಲೆ ಫೋನನ್ನು ಹಿಡಿದುಕೊಂಡೇ ಅತ್ತಳು.